ಕಾಕುವಿನ ಮೂರು ದಿನದ ಟೆನಿಸ್

ಹೋದ ವರ್ಷ ಅಮ್ಮನ ಹಳೆಯ ಟ್ರಂಕು ಖಾಲಿ ಮಾಡುವಾಗ ಆ ಟೆನಿಸ್ ಆಟದ ಪುಟ್ಟ ಯಂತ್ರ ತಳದಲ್ಲಿ ಸಿಕ್ಕಿತು. ಸೆಲ್ಲು ಹಾಕುವ ಜಾಗದ ಮುಚ್ಚಳ ತೆಗೆದೊಡನೆ ಹುಳಿ ಹುಳಿಯಾದ ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ಸ್ಪ್ರಿಂಗಿನ ಮೇಲೆ ಕಟ್ಟಿದ್ದ ಹಸಿರು ಹುಡಿಯನ್ನು ಚಾಕುವಿನ ತುದಿಯಿಂದ ಕೆರೆದು, ಹೊಸ ಸೆಲ್ಲು ಹಾಕಿ ಗುಂಡಿ ಒತ್ತಿದೆ. ಟಿಂಗ್ ಎಂದಿತು. ಅಷ್ಟೇ ಸಾಕಾಯಿತು. ಊರ ಅಂಚಿನ ವಾಕಡದ ಈ ಏಳನೆಯ ಮಹಡಿಯ ಫ್ಲ್ಯಾಟಿನೊಳಗೆ, ಹಳೇ ಊರಿನ ನಾರಾಯಣ ಪೇಠದಲ್ಲಿ ನಾವು ಬಾಡಿಗೆಗಿದ್ದ ವಾಡೆ, ಆ ಹಳೆಯ ದೊಡ್ಡ ಮನೆ, ಬಂದು ನಿಂತಿತು: ಕಿರುಗುಟ್ಟುವ ಕಟ್ಟಿಗೆಯ ಮೆಟ್ಟಿಲು, ಅಂಗಳದ ನಲ್ಲಿಯ ಕೆಳಗಿನ ಪಾಚಿ, ಸೀಗೆಕಾಯಿಯ ಘಮ, ಯಾರೂ ಮುಟ್ಟಬಾರದೆಂದು ಎತ್ತರದ ಗಳಕ್ಕೆ ಹಾಕಿದ ಅಜ್ಜಿಯ ಮಡಿ ಸೀರೆ. ಆ ವಾಡೆ ಈಗ ಇಲ್ಲ. ಅದರ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

ಆಟ ನನ್ನದು. ದುಬೈಯಿಂದ ಬಂದ ಸೋದರಮಾವ ತಂದುಕೊಟ್ಟದ್ದು. ಅಂಗೈಗಿಂತ ಚಿಕ್ಕ ಪರದೆ, ಅದರೊಳಗೆ ಟೆನಿಸ್ ಕಲಿಯಲು ದೂರದ ಶಾಲೆಗೆ ಸೇರಿದ ಒಬ್ಬ ಹುಡುಗಿಯ ಕಥೆ. ಪಂದ್ಯ ಗೆದ್ದರೆ ಕಥೆ ಮುಂದೆ ಹೋಗುತ್ತದೆ, ಸೋತರೆ ಅಲ್ಲೇ ನಿಲ್ಲುತ್ತದೆ. ಆಡುತ್ತಾ ಆಡುತ್ತಾ ಕೆಳಗೊಂದು ಪಟ್ಟಿ ಕೆಂಪಗೆ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಒಂದು ಗುಂಡಿ ಒತ್ತಿದರೆ ಚೆಂಡಿಗೆ ಬೆಂಕಿ ಹತ್ತಿಕೊಂಡು ಎದುರಿನವಳು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಾಳೆ. ನಾವು ಅದನ್ನು ಬೆಂಕಿ ಚೆಂಡು ಎನ್ನುತ್ತಿದ್ದೆವು. ನನಗೆ ತಾಳ್ಮೆ ಎಂಬುದು ಆಗಲೂ ಇರಲಿಲ್ಲ. ಪಟ್ಟಿ ತುಂಬಿದ ಕ್ಷಣವೇ ಒತ್ತುತ್ತಿದ್ದೆ, ನಿಜವಾಗಿ ಬೇಕಾದಾಗ ಬರಿಗೈಯಲ್ಲಿ ನಿಂತು ಸೋಲುತ್ತಿದ್ದೆ, ಆಮೇಲೆ ಆ ಯಂತ್ರವನ್ನು ಹಾಸಿಗೆಯ ಮೇಲೆ ಒಗೆದು ಅಳುತ್ತಿದ್ದೆ. ಒಂದು ಮಧ್ಯಾಹ್ನ ಹೀಗೆ ರಂಪ ಮಾಡುತ್ತಿದ್ದಾಗ ಹಿಂದಿನ ಪಡಸಾಲೆಯಿಂದ ಕಾಕು ಕೂಗಿದಳು. "ಅಲ್ಲೇ ನೆಲದ ಮ್ಯಾಲೆ ಇಟ್ಟ ದೂರ ಸರಿ, ವಸು. ಸಿಟ್ಟಿಲೆ ಆಡಿದ್ರ ಚೆಂಡ ಸಿಗತದೇನು? ನಾ ನೋಡ್ತೀನಿ ತಾ."

ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ, ಬಾಗಲಕೋಟೆಯವಳು. ಮನೆಯ ಅಡಿಗೆಯೆಲ್ಲ ಅವಳದೇ. ಅಮ್ಮ ಬ್ಯಾಂಕಿಗೆ ಹೋಗುತ್ತಿದ್ದಳು. ಸಂಬಳ ತರುವ ಸೊಸೆಯನ್ನು ಅಜ್ಜಿ ಏನೂ ಕೇಳುತ್ತಿರಲಿಲ್ಲ. ಕಾಕು ಮಾತ್ರ ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕಿತ್ತು. ಹಿಂದಿನ ಪಡಸಾಲೆಯ ಮೂಲೆ, ಒಂದು ಚಾಪೆ, ಬೇರೆ ತಟ್ಟೆ, ಬೇರೆ ತಂಬಿಗೆ. ಅಡಿಗೆಮನೆಯಲ್ಲಿ ಅಜ್ಜಿ ಗೊಣಗುತ್ತಾ ಪಾತ್ರೆ ಕುಕ್ಕುತ್ತಿದ್ದಳು. ಇದು ಎಂಥ ಅನ್ಯಾಯ ಎಂದು ಈಗ ನನಗೆ ಮೈ ಉರಿಯುತ್ತದೆ. ಆಗ ಉರಿದದ್ದು ಬೇರೆ ಕಾರಣಕ್ಕೆ. ಕಾಕು ಮುಟ್ಟಿದ ಆಟವನ್ನು ನಾಲ್ಕನೆಯ ದಿನದವರೆಗೆ ನಾನು ಮುಟ್ಟುವಂತಿರಲಿಲ್ಲ. ಮೊದಲ ಸಲ ಅವಳು ತಲೆಗೆ ಎರೆದುಕೊಂಡ ಮೇಲೆ ಅಜ್ಜಿ ಅದರ ಮೇಲೂ ನೀರು ಚಿಮುಕಿಸಲು ಬಂದಳು. ನಾನು ಕಿರುಚಿಕೊಂಡದ್ದು ಕೇಳಿ ಕೊನೆಗೆ ಬಿಸಿಲಿಗಿಟ್ಟರೆ ಸಾಕೆಂದು ಒಪ್ಪಿದಳು. ತುಳಸೀಕಟ್ಟೆಯ ಮೇಲೆ ಹಪ್ಪಳದ ಪಕ್ಕ ನನ್ನ ಟೆನಿಸ್ ಶುದ್ಧಿಯಾಗುತ್ತಾ ಬಿದ್ದಿರುತ್ತಿತ್ತು.

ಆದರೆ ಆ ಮೂರು ದಿನಗಳಲ್ಲೇ ಕಥೆ ಮುಂದೆ ಹೋಗುತ್ತಿತ್ತು. ನಾನು ಹೊಸ್ತಿಲ ಈಚೆ ಕೂರಬೇಕು. ಆ ಪರದೆಗೆ ಸ್ವಂತ ಬೆಳಕಿರಲಿಲ್ಲ, ಕಿಟಕಿಯ ಕಡೆ ವಾಲಿಸಿದರೆ ಮಾತ್ರ ಕಾಣುವುದು, ಅದೂ ಹಿಡಿದವರಿಗೆ. ಅಷ್ಟು ದೂರದಿಂದ ನನಗೆ ಕಾಣುತ್ತಿದ್ದುದು ಕಾಕುವಿನ ಹೆಬ್ಬೆರಳುಗಳು, ಕುಣಿಯುವ ಬಳೆಗಳು, ಇಷ್ಟೇ. ನನ್ನ ಗೋಳು ತಾಳಲಾರದೆ ಅವಳು ಹೇಳತೊಡಗಿದಳು. ಕನ್ನಡ ಶಾಲೆಯಲ್ಲಿ ಓದಿದವಳು, ಇಂಗ್ಲಿಷನ್ನು ಓದುವಷ್ಟರಲ್ಲಿ ಅಕ್ಷರಗಳು ಹೊರಟುಹೋಗುತ್ತಿದ್ದವು. ಹಾಗಾಗಿ ಕಥೆಯನ್ನು ತಾನೇ ಕಟ್ಟಿದಳು. ಹುಡುಗಿಯ ಹೆಸರು ಭಾಗೀರಥಿ, ಭಾಗಿ. ಕಲಿಸುವವನು ಮಾಸ್ತರ. ಬಿಳಿ ಅಂಗಿಯ ಕೊನೆಯ ಎದುರಾಳಿ ಯಾವುದೋ ಸಂಸ್ಥಾನದ ಸೊಕ್ಕಿನ ರಾಜಕುಮಾರಿ. "ಆಕಿನ್ನ ಸೋಲಿಸಿದ್ರ ಭಾಗಿಗೆ ಸಾಲಿ ಉಳೀತು. ಸೋತಳೋ, ಊರಾಗ ವರ ನೋಡಿ ಇಟ್ಟಾರ, ಮರುದಿನಾನೇ ಲಗ್ನ," ಎಂದಳು. ಎಂಟು ವರ್ಷದ ನನಗೆ ಅನ್ನ ಸೇರದಷ್ಟು ಚಿಂತೆ ಹತ್ತಿತು.

ಅಂಥ ಪಂದ್ಯದಲ್ಲೂ ಕಾಕು ಬೆಂಕಿ ಚೆಂಡನ್ನು ಹೊಡೆಯುತ್ತಿರಲಿಲ್ಲ. ಪಟ್ಟಿ ತುಂಬಿತೆಂದು ಅವಳೇ ಹೇಳುವಳು. ನಾನು ಹೊಸ್ತಿಲು ಗುದ್ದುತ್ತಾ, "ಹೊಡಿ ಕಾಕು, ಹೊಡಿ!" ಎಂದು ಅರಚುವೆ. "ತಡಿಯವ್ವಾ, ಇಷ್ಟ ಲಗೂನ ಯಾಕ? ಭಾಳ ತ್ರಾಸಾದಾಗ ಬೇಕಾಗತದ," ಎಂದು ಅವಳು ಇಟ್ಟುಕೊಳ್ಳುವಳು. ಹೀಗೆ ಇಟ್ಟುಕೊಂಡೇ ಉಳಿದವರನ್ನೆಲ್ಲ ಗೆದ್ದಿದ್ದಳು, ಆದರೆ ರಾಜಕುಮಾರಿಯ ಮುಂದೆ ಇಟ್ಟುಕೊಂಡೇ ಸೋಲುತ್ತಿದ್ದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. "ಭಾಗಿ ಸೋತ್ಲೇನು?" ಎಂದರೆ, "ಇಲ್ಲವಾ, ಮಳಿ ಬಂತು, ಆಟ ನಿಲ್ಲಿಸ್ಯಾರ. ಮುಂದಿನ ತಿಂಗಳ ನೋಡೋಣು," ಎನ್ನುವಳು. ನಾಲ್ಕನೆಯ ದಿನ ಒದ್ದೆ ಕೂದಲಿಗೆ ಅರಿವೆ ಸುತ್ತಿಕೊಂಡು ಅವಳು ಒಲೆಯ ಮುಂದೆ ನಿಂತರೆ ಮುಗಿಯಿತು, ಭಾಗಿಯ ಹೆಸರನ್ನೂ ಎತ್ತುವಂತಿರಲಿಲ್ಲ.

ಆ ವರ್ಷದ ದೀಪಾವಳಿಯ ನಂತರ ಕಾಕುವಿಗೆ ರಕ್ತ ಹೋಗುವುದು ಹೆಚ್ಚಾಗಿ ಗರ್ಭಕೋಶ ತೆಗೆಸಿದರು. ಆಸ್ಪತ್ರೆಯಿಂದ ಬಂದು ಮಲಗಿದ್ದವಳ ದಿಂಬಿನ ಪಕ್ಕ ನಾನು ಆಟ ಇಟ್ಟೆ. ಇನ್ನು ಮುಟ್ಟಿಲ್ಲ, ಚಿಟ್ಟಿಲ್ಲ, ಪಕ್ಕದಲ್ಲೇ ಕೂತು ನೋಡಬಹುದು ಎಂದು ಕುಣಿಯುತ್ತಿದ್ದೆ. ನೋಡಲು ಬರುವವರ ಸಾಲು ಹತ್ತಿತ್ತು. "ಮಂದಿ ಏನಂದಾರು? ಹಾಸಿಗಿ ಹಿಡದ ಸೊಸಿ ಆಟ ಆಡ್ಕೋತ ಮಲಗ್ಯಾಳ ಅಂತಾರ," ಎಂದು ಅಜ್ಜಿ ಅದನ್ನು ಎತ್ತಿ ಅಮ್ಮನ ಕೈಗೆ ಕೊಟ್ಟಳು. ಪರೀಕ್ಷೆ ಮುಗಿಯಲಿ ಎಂದು ಅಮ್ಮ ಟ್ರಂಕಿಗೆ ಹಾಕಿದಳು. ಆಮೇಲೆ ಇನ್ನೊಂದು ಪರೀಕ್ಷೆ ಬಂತು. ಬಂದವರೆದುರು ಅಜ್ಜಿ ನಿರಾಳವಾಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ದೇವರು ಒಳ್ಳೇದ ಮಾಡಿದ್ರಿ. ಇನ್ನ ತಿಂಗಳ ತುಂಬಾ ಒಲಿ ಮುಂದ ಇಕಿನೇ." ಕಾಕು ಗೋಡೆಯ ಕಡೆ ಹೊರಳಿದಳು. ಅವಳ ಜೀವಮಾನದ ರಜೆ ಹೀಗೆ ಮುಗಿಯಿತು. ಯಾರ ಮೇಲೆ ಸಿಟ್ಟು ಮಾಡಲಿ? ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು.

ವಾಡೆ ಬಿಲ್ಡರನ ಪಾಲಾದ ಮೇಲೆ ಕಾಕುವಿನ ಗಂಡ, ನಮ್ಮ ಕಾಕಾ, ಶಿರೂರಿನಲ್ಲಿ ಸೀರೆ ಅಂಗಡಿ ಹಾಕಿದ್ದ. ಆಟ ಸಿಕ್ಕ ವಾರವೇ ಅದನ್ನು ತೆಗೆದುಕೊಂಡು ಅಲ್ಲಿಗೆ ಹೋದೆ. ಕಾಕುವಿನ ಬೆರಳ ಗೆಣ್ಣುಗಳು ಬಾತಿದ್ದವು, ಕನ್ನಡಕ ಬಂದಿತ್ತು. ತಿರುಗಿಸಿ ತಿರುಗಿಸಿ ನೋಡಿದಳು. ಸೆಲ್ಲು ಸತ್ತರೂ ಆಟ ಮರೆತಿರಲಿಲ್ಲ, ಅವಳು ನಿಲ್ಲಿಸಿದಲ್ಲೇ ಕಥೆ ನಿಂತಿತ್ತು, ಎದುರಿಗೆ ಬಿಳಿ ಅಂಗಿಯವಳು. ಕುರ್ಚಿ ಎಳೆದುಕೊಂಡು ಪಕ್ಕ ಕೂರಲು ಹೋದೆ. "ದೂರ ಕೂಡು," ಎಂದಳು. ಈಗೆಂಥ ಮೈಲಿಗೆ ಕಾಕು ಎಂದು ರೇಗಿದೆ. "ಮೈಲಿಗಿ ಅಲ್ಲ ಹುಚ್ಚಿ. ನಿನಗ ಕಂಡುಬಿಟ್ರ ನಾ ಏನ ಹೇಳ್ಲಿ?" ಎಂದಳು. ಬಾಗಿಲ ಹತ್ತಿರ ಹೋಗಿ ನೆಲದ ಮೇಲೆ ಕೂತೆ. ಅವಳು ಕಿಟಕಿಯ ಕಡೆ ವಾಲಿ ಆಡಿದಳು, ಹೇಳಿದಳು. ಪಟ್ಟಿ ತುಂಬಿತು ಎಂದಾಗ ನಾನು ನಡುವಯಸ್ಸು ಮರೆತು, "ಹೊಡಿ ಕಾಕು!" ಎಂದು ಕೂಗಿದೆ. ಅವಳು ಇಟ್ಟುಕೊಂಡಳು. ಸೋಲಿನ ಆ ದರಿದ್ರ ಸಂಗೀತ ಬಂತು. "ಮಳಿ ಬಂತವಾ," ಎಂದು ನಕ್ಕಳು. "ಮುಂದಿನ ತಿಂಗಳ ಬಾ, ನೋಡೋಣು."

ಮುಂದಿನ ತಿಂಗಳು ಹೋಗುವ ಮೊದಲೇ ಕಾಕಾನ ಫೋನು ಬಂತು. ಬೆಳಿಗ್ಗೆ ಚಹಾಕ್ಕಿಟ್ಟು ಅಲ್ಲೇ ಕುಸಿದು ಜೀವ ಬಿಟ್ಟಿದ್ದಳಂತೆ, ಒಲೆಯ ಮುಂದೆ.

ಈಗ ಆಟ ನನ್ನ ಬಳಿ ಇದೆ. ಇಂಗ್ಲಿಷಿನಲ್ಲಿ ಕಥೆ ಓದಿದೆ. ರಾಜಕುಮಾರಿ ಇಲ್ಲ, ಲಗ್ನವಿಲ್ಲ, ಬಿಳಿ ಅಂಗಿಯವಳು ಶಾಲೆಯ ಹಿರಿಯ ವಿದ್ಯಾರ್ಥಿನಿ, ಗೆದ್ದರೆ ಬಹುಮಾನಕ್ಕೊಂದು ಬಟ್ಟಲು ಕೊಡುತ್ತಾರೆ. ಇಷ್ಟಕ್ಕೇ ಯಾರಾದರೂ ಅನ್ನ ಬಿಡುತ್ತಾರೆಯೇ? ಹಟ ಹಿಡಿದು ಆಡುತ್ತೇನೆ, ಬೆಂಕಿ ಚೆಂಡನ್ನು ಬೇಗ ಹೊಡೆದು ಸೋಲುತ್ತೇನೆ, ಕಾಕುವಿನ ಹಾಗೆ ಇಟ್ಟುಕೊಂಡೂ ಸೋಲುತ್ತೇನೆ. ಸಿಟ್ಟು ಬಂದು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಬಾಗಿಲ ಬಳಿ ಹೋಗಿ ನೆಲದ ಮೇಲೆ ಕೂರುತ್ತೇನೆ. ಇಲ್ಲಿಂದ ಪರದೆ ಕಾಣುವುದಿಲ್ಲ. ಆಗಲೂ ಕಾಣುತ್ತಿರಲಿಲ್ಲ, ಹೇಳುವವಳಿದ್ದಳು.