ಎಡಗೈಯಲ್ಲಿ ಕೂರಿಸಿದ ಸ್ಪ್ರಿಂಗು

ಮೊನ್ನೆ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ನೈಟ್ರೋ ಇಂಧನದ ವಾಸನೆ ಮೂಗಿಗೆ ಬಡಿಯಿತು. ಹರಳೆಣ್ಣೆ ಸುಟ್ಟಂಥ, ತುಸು ಸಿಹಿಯಾದ ವಾಸನೆ. ಒಳಗೆ, ಬ್ಯಾಟರಿಯಲ್ಲಲ್ಲ, ಆ ಇಂಧನದಲ್ಲೇ ಓಡುವ ಪುಟ್ಟ ಇಂಜಿನ್ನಿನ ನನ್ನ ಹಳೆಯ ರಿಮೋಟ್ ಕಾರಿತ್ತು. ಮುಳಬಾಗಿಲಿನ ನಮ್ಮ ಪಕ್ಕದ ಮನೆಯ ಮಾವ ನೆನಪಾದರು...

ನೆಂಟರಲ್ಲ, ಬೀದಿಯವರೆಲ್ಲ ಅವರನ್ನು ಮಾವ ಎನ್ನುತ್ತಿದ್ದರು. ಬಹಳ ವರ್ಷ ಮೊಪೆಡ್ ರಿಪೇರಿ ಮಾಡಿದವರು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅಂಗಡಿ ಮುಚ್ಚಿ ಜಗಲಿಯ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಮಾತೂ ಕಡಿಮೆಯಾಗಿತ್ತು.

ನಾನಾಗ ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದೆ, ಈ ಕಾರಿನ ಹುಚ್ಚು ಹಿಡಿದಿತ್ತು. ಒಂದು ಭಾನುವಾರ ಬೀದಿಯಲ್ಲಿ ಇಂಜಿನ್ ಶುರು ಮಾಡಿದರೆ, ರಿಮೋಟ್ ಮುಟ್ಟದಿದ್ದರೂ ಕಾರು ತಾನಾಗಿ ತೆವಳತೊಡಗಿತು.

"ಇಲ್ಲಿ ತಗೊಂಬಾರಪ್ಪ," ಎಂದರು ಮಾವ. "ಕ್ಲಚ್ ಬಿಡ್ತಾ ಇಲ್ಲ. ಸ್ಪ್ರಿಂಗ್ ಸೋತೋಗೈತೆ."

ಮೊಪೆಡ್ಡಿನಂತೆ ಇದರಲ್ಲೂ ಇಂಜಿನ್ ಜೋರಾಗಿ ತಿರುಗಿದಾಗ ಮಾತ್ರ ಕ್ಲಚ್ಚು ಹೊರಕ್ಕೆ ಅರಳಿ ಚಕ್ರ ಓಡಿಸಬೇಕು. ಅಲ್ಲಿಯವರೆಗೆ ಅದನ್ನು ಬಿಗಿಹಿಡಿಯುವುದು ಮೂರು ಪುಟ್ಟ ಸ್ಪ್ರಿಂಗು. ಇನ್ನಷ್ಟು ಗಟ್ಟಿಯಾದವನ್ನು ಎರಡು ಸೆಟ್ ತರಿಸಿದೆ. ಹಾಕಲು ಮಾವನೇ ಕೂತರು. ಎಡಗೈಯ ಇಕ್ಕಳದಿಂದ ಒಂದು ಸ್ಪ್ರಿಂಗು ಚಿಮ್ಮಿ ಚರಂಡಿಗೆ ಬಿತ್ತು. ಇನ್ನೊಂದೂ ಹಾಗೇ.

"ಬಿಡಿ ಮಾವ, ನಾನೇ ಹಾಕ್ಕೊಳ್ತೀನಿ," ಅಂದುಬಿಟ್ಟೆ.

ಅವರು ಇಕ್ಕಳ ಕೆಳಗಿಟ್ಟು ಒಳಗೆ ಹೋದರು. ಐದು ದಿನ ಜಗಲಿ ಖಾಲಿ ಇತ್ತು. ನಾನು ಕಾರು ಮುಟ್ಟಲಿಲ್ಲ.

ಆರನೆಯ ದಿನ ಬೆಳಿಗ್ಗೆ ಕಾಲೆಳೆಯುತ್ತ ಅವರೇ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆ. "ನೀನು ಅಲ್ಲಾಡ್ದಂಗೆ ಹಿಡ್ಕೊ, ಸಾಕು," ಎಂದರು. "ಮೆಲ್ಲಗಾ... ಮೆಲ್ಲಗಾ..." ಎಂದು ತೆಲುಗಿನಲ್ಲಿ ತಮಗೆ ತಾವೇ ಹೇಳಿಕೊಳ್ಳುತ್ತ ಮೂರನ್ನೂ ಕೂರಿಸಿದರು. ಒಂದು ಗಂಟೆ ಹಿಡಿಯಿತು. ಇಂಜಿನ್ ಶುರು ಮಾಡಿಸಿ, ಕಾರಿನ ಮುಂದೆ ಅಂಗೈ ಒಡ್ಡಿದರು. ಕಾರು ಕದಲಲಿಲ್ಲ.

"ನಿಂತೈತೆ," ಎಂದು ಕೈ ತೆಗೆದರು. "ಈಗ ಬಿಡು."

ಕಾರು ಧೂಳೆಬ್ಬಿಸಿಕೊಂಡು ಬೀದಿಯ ಕೊನೆ ಮುಟ್ಟಿತು. ಮಾವನ ಅರ್ಧ ಮುಖ ಮಾತ್ರ ನಕ್ಕಿತು. ಅಂದಿನಿಂದ ಬೀದಿಯವರು ಮತ್ತೆ ತಮ್ಮ ಮೊಪೆಡ್ಡುಗಳನ್ನು ಜಗಲಿಯ ಮುಂದೆ ತಂದು ನಿಲ್ಲಿಸತೊಡಗಿದರು.

ಎರಡು ವರ್ಷದ ನಂತರ ಮಾವ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಎಲೆಯ ಮುಂದೆ ಕೂತಿದ್ದ ನನಗೆ ಅವರ ಹೆಂಡತಿ ಹೇಳಿದರು: "ಆ ಐದು ದಿನ ಹಿತ್ತಲಲ್ಲಿ ಹಲಗೆಗೆ ಮೊಳೆ ಹೊಡ್ಕೊಂಡು, ಹಳೇ ಪೆನ್ನಿನ ಸ್ಪ್ರಿಂಗ್ ಸಿಕ್ಸೋದು, ತೆಗ್ಯೋದು, ಅದೇ ಕೆಲ್ಸ ಕಣಪ್ಪ. ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ."

ಮಾವ ಅದನ್ನು ನನಗೆ ಹೇಳಿರಲೇ ಇಲ್ಲ. ನಾನೇ ಹಾಕ್ಕೊಳ್ತೀನಿ ಅಂದದ್ದಕ್ಕೆ ತಪ್ಪಾಯ್ತು ಅನ್ನಬೇಕೆಂದು ನಾನೂ ಅಂದುಕೊಳ್ಳುತ್ತಲೇ ಇದ್ದೆ... ಅನ್ನಲಿಲ್ಲ. ಈಗ ಆ ಜಗಲಿಯಲ್ಲಿ ಬಾಡಿಗೆಯವರು ಬಟ್ಟೆ ಒಣಹಾಕುತ್ತಾರೆ.