ಚಪ್ಪರದ ಹೊರಗೆ ನಿಂತ ದುಗ್ಗಮ್ಮ

ಮಂಡೆಕೋಲಿನ ನಾಟಕ ಸಂಘದಲ್ಲಿ ದಶರಥನಾಗುತ್ತಿದ್ದ ದೇರಣ್ಣ ತೀರಿಹೋದ ಮೇಲೆ ಆ ಪಾತ್ರ ಮಾಯಿಲಪ್ಪನಿಗೆ ಬಂತು. ಅವನು ದೇರಣ್ಣನ ನಡಿಗೆ, ಕೆಮ್ಮು ಎಲ್ಲ ಹಾಗೆಯೇ ಕಲಿತಿದ್ದ. ದೇರಣ್ಣನ ಹೆಂಡತಿ ದುಗ್ಗಮ್ಮ ವರ್ಷಕ್ಕೊಮ್ಮೆ ಮೊದಲ ಸಾಲಿನಲ್ಲಿ ಕೂತು ಅವನಲ್ಲಿ ಗಂಡನನ್ನು ನೋಡುತ್ತಿದ್ದಳು.

ಅರುವತ್ತೊಂದನೇ ಇಸವಿಯ ವಾರ್ಷಿಕೋತ್ಸವದಲ್ಲಿ ಸಂಘದ ಅಧ್ಯಕ್ಷರು ಅವಳನ್ನು ತಡೆದರು.

"ದುಗ್ಗಮ್ಮಕ್ಕ, ಶುಭದ ದಿನ. ವಿಧವೆಯರು ಎದುರು ಕೂರುದು ಬೇಡ."

"ಸತ್ತದ್ದು ಅವರು. ಹೊರಗೆ ಹೋಗುದು ನಾನಾ ಮಾರಾಯ್ರೆ?"

ನಾಟಕದ ಕೌಸಲ್ಯೆಗೆ ಅಳುವ ಜನ ಇವಳಿಗಾಗಿ ಒಂದು ಮಾತೂ ಆಡಲಿಲ್ಲ. ದುಗ್ಗಮ್ಮ ಚಪ್ಪರದ ಹೊರಗೆ ನಿಂತಳು.

ದಶರಥ ಸಾಯುವ ದೃಶ್ಯ. ಮಾಯಿಲಪ್ಪ ಕೆಮ್ಮಿದ.

"ಬಂದೆ, ನೀರು ತಂದೆ" ಎನ್ನುತ್ತ ದುಗ್ಗಮ್ಮ ಹೊರಗಿಟ್ಟಿದ್ದ ಕುಡಿಯುವ ನೀರಿನ ಚೆಂಬು ಹಿಡಿದು ನೇರ ರಂಗಕ್ಕೆ ಹತ್ತಿದಳು.

"ಪರದೆ ಎಳೀರಿ!" ಅಧ್ಯಕ್ಷರು ಕಿರುಚಿದರು.

ಮಾಯಿಲಪ್ಪ ನೀರು ಕುಡಿದು, "ಸಾಕು ದುಗ್ಗೀ" ಎಂದ. ದೇರಣ್ಣ ಮನೆಯೊಳಗೆ ಮಾತ್ರ ಕರೆಯುತ್ತಿದ್ದ ಆ ಹೆಸರು ತನ್ನ ಬಾಯಿಗೆ ಹೇಗೆ ಬಂತೆಂದು ಮಾಯಿಲಪ್ಪನಿಗೆ ಇಂದಿಗೂ ಗೊತ್ತಿಲ್ಲ.