ಕವಳದ ಸಂಚಿಯ ನೋವಿನ ಗುಳಿಗೆ

"ತಗೊಳ್ಳಿ ಅಕ್ಕೋರೆ, ಬಾಳೆಗುಳಿ ಬರೂದ್ರೊಳಗೆ ನೋವು ಹೋಗ್ತದೆ."

ಕಾರವಾರದಿಂದ ಹೊರಟ ಬಸ್ಸಿನಲ್ಲಿ ನಾನು ಮೊಣಕಾಲು ನೀವಿಕೊಳ್ಳುವುದನ್ನು ಕಂಡು, ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು ಎಲೆ ಅಡಿಕೆಯ ಕವಳದ ಸಂಚಿಯಿಂದ ನೋವಿನ ಗುಳಿಗೆ ತೆಗೆದು ಚಾಚಿದರು. ನಮ್ಮ ಕಡೆ ಕವಳದ ಜೊತೆ ಇದನ್ನೂ ಹಂಚುವುದುಂಟು. ನನ್ನ ಕಿಡ್ನಿ ಸರಿಯಿಲ್ಲ, ಇಂಥ ಗುಳಿಗೆ ಅದನ್ನು ಇನ್ನೂ ಕೆಡಿಸುತ್ತದೆಂದು ಡಾಕ್ಟರು ಬೇಡವೆಂದಿದ್ದಾರೆ ಎಂದೆ.

ಅವರ ಬಾಯಲ್ಲಿದ್ದ ಕವಳ ಅಲ್ಲೇ ನಿಂತಿತು. "ನಮ್ಮನೆಯವ್ರಿಗೂ ಕಿಡ್ನಿ ತ್ರಾಸು. ಬಲೆ ಎಳ್ದು ಬೆನ್ನು ನೋವು ಅಂದ್ರೆ ನಾನೇ ಇದನ್ನ ಕೊಡೂದು."

ಕೂಡಲೇ ಗಂಡನಿಗೆ ಫೋನ್ ಹೋಯಿತು. ಡಾಕ್ಟರನ್ನು ಕೇಳದೆ ಆ ಗುಳಿಗೆ ಮುಟ್ಟಕೂಡದೆಂದು ಕೊಂಕಣಿಯಲ್ಲಿ ಗದರಿದ್ದು ಇಡೀ ಬಸ್ಸಿಗೆ ಕೇಳಿಸಿತು. ಕೊಟ್ಟವರು ತಾವೇ, ಬೈಗುಳ ಮಾತ್ರ ಗಂಡನಿಗೆ.

ಬಾಳೆಗುಳಿಯಲ್ಲಿ ಇಳಿಯುವಾಗ ಮೊಣಕಾಲು ನೋಯುತ್ತಲೇ ಇತ್ತು. ಅಂದು ಮಾತ್ರ ನಾನು ಅದಕ್ಕೆ ಶಾಪ ಹಾಕಲಿಲ್ಲ.